ನಿಮ್ಮ ಕೆಲಸದ ಲೆಕ್ಕ ಯಾರಿಗೆ? ಬಡತನ ಮತ್ತು ಖಾಸಗಿ ಸಂಸ್ಥೆಗಳು

ಬಡತನ ಹೋಗಲಾಡಿಸುವುದರಲ್ಲಿ ಖಾಸಗಿ ಸಂಸ್ಥೆಗಳ ಪಾತ್ರ ಏನು ಅನ್ನುವುದು ಇವತ್ತಿನ ವಿಷಯ. ಮೊದಲು ಅವುಗಳ ಪಾಲು ಎಷ್ಟು ದೊಡ್ಡದು ಅನ್ನುವುದನ್ನು ಮುಗಿಸಿಬಿಡೋಣ. ಚೀನಾದಲ್ಲಿ ನಾಲ್ಕು ದಶಕಗಳಲ್ಲಿ ಹತ್ತಿರ ಹತ್ತಿರ 80 ಕೋಟಿ ಜನ ಕಡು ಬಡತನದಿಂದ ಹೊರಬಂದರು. ರೈತರಿಗೆ ಜಮೀನಿನ ಮೇಲೆ ಸಿಕ್ಕ ಹಿಡಿತ, ಕಾರ್ಖಾನೆಗಳಲ್ಲಿ ಸಿಕ್ಕ ಕೆಲಸ, ಸರ್ಕಾರ ಹಾಕಿದ ರಸ್ತೆ, ನಡೆಸಿದ ಶಾಲೆ ಇದಕ್ಕೆ ಕಾರಣ. ದಾನದಿಂದ ನಡೆಯುವ ಸಂಸ್ಥೆಗಳ ಪಾಲು ಅದರಲ್ಲಿ ತೀರಾ ಸಣ್ಣದು. ಇನ್ನೊಂದು ಅಂಕಿ ಕೇಳಿ. 2023ರಲ್ಲಿ ಶ್ರೀಮಂತ ದೇಶಗಳ ಸರ್ಕಾರಗಳು ಕೊಟ್ಟ ನೆರವೆಲ್ಲ ಸೇರಿ ಸುಮಾರು 22,300 ಕೋಟಿ ಡಾಲರ್. ಅದೇ ವರ್ಷ ಹೊರದೇಶಕ್ಕೆ ದುಡಿಯಲು ಹೋದವರು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿರುವ ತಮ್ಮ ಮನೆಗಳಿಗೆ ಕಳಿಸಿದ್ದು ಸುಮಾರು 65,600 ಕೋಟಿ ಡಾಲರ್. ಅಂದರೆ ಸರ್ಕಾರಗಳ ನೆರವಿನ ಮೂರರಷ್ಟನ್ನು ಕೂಲಿಕಾರರು, ದಾದಿಯರು, ಚಾಲಕರು ಯಾರ ಸಹಾಯವೂ ಇಲ್ಲದೆ ಕಳಿಸಿದರು.

ಹಾಗಾದರೆ ಖಾಸಗಿ ಸಂಸ್ಥೆಗಳು ಯಾಕೆ ಬೇಕು? ವಿಶ್ವಬ್ಯಾಂಕ್ ಈಗ ದಿನಕ್ಕೆ 3 ಡಾಲರ್ ಅನ್ನು ಕಡು ಬಡತನದ ಗೆರೆ ಎಂದು ಇಟ್ಟುಕೊಂಡಿದೆ. ಆ ಗೆರೆಯ ಕೆಳಗೆ ಇನ್ನೂ ಸುಮಾರು 80 ಕೋಟಿ ಜನ ಇದ್ದಾರೆ. ಅಷ್ಟು ಜನರನ್ನು ಸಂಸ್ಥೆಗಳು ತಮ್ಮ ಹಣದಿಂದ ಮೇಲೆತ್ತಲು ಆಗುವುದಿಲ್ಲ. ಆದರೆ ಅವುಗಳ ಹತ್ತಿರ ಸರ್ಕಾರಕ್ಕೆ ಸುಲಭವಾಗಿ ಸಿಗದ ಒಂದು ಸ್ವಾತಂತ್ರ್ಯ ಇದೆ. ಒಂದು ಕೆಲಸ ಸಣ್ಣದಾಗಿ ಶುರು ಮಾಡಬಹುದು, ಸರಿಹೋಗದಿದ್ದರೆ ಬದಲಾಯಿಸಬಹುದು, ಪೂರ್ತಿ ನಿಲ್ಲಿಸಲೂಬಹುದು. ಮುಂದಿನ ಚುನಾವಣೆಯ ಭಯ ಅವುಗಳಿಗಿಲ್ಲ. ಯಾಕೆಂದರೆ ಅವುಗಳಿಗೆ ಯಾರೂ ವೋಟು ಹಾಕಿಲ್ಲ. ಅವುಗಳ ದೊಡ್ಡ ದೋಷವೂ ಹುಟ್ಟುವುದು ಇಲ್ಲೇ. ವೋಟು ಹಾಕದ ಬಡವರು ಅವುಗಳನ್ನು ಕಿತ್ತುಹಾಕಲೂ ಆಗುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಈ ಎರಡರ ಸುತ್ತಲೇ ಇರುತ್ತದೆ. ಖಾಸಗಿ ಸಂಸ್ಥೆ ಅಂದಾಗ ನಾನು ಎನ್‌ಜಿಒಗಳನ್ನಷ್ಟೇ ಹೇಳುತ್ತಿಲ್ಲ. ಪ್ರತಿಷ್ಠಾನಗಳು, ಕಂಪನಿಗಳು, ಕಾರ್ಮಿಕ ಸಂಘಗಳು, ಸಹಕಾರಿಗಳು, ಎಲ್ಲವೂ ಅದರಲ್ಲಿ ಬರುತ್ತವೆ.

ಒಂದು ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1971ರ ಯುದ್ಧ ಮುಗಿದ ಮೇಲೆ ಬಾಂಗ್ಲಾದೇಶಕ್ಕೆ ನಿರಾಶ್ರಿತರು ವಾಪಸು ಬರುತ್ತಿದ್ದರು. ಮನೆ ಇಲ್ಲ, ದೋಣಿ ಇಲ್ಲ, ಬಿತ್ತನೆ ಬೀಜ ಇಲ್ಲ. ಶೆಲ್ ತೈಲ ಕಂಪನಿಯಲ್ಲಿ ಹಣಕಾಸು ವಿಭಾಗದಲ್ಲಿ ಕೆಲಸ ಮಾಡಿದ್ದ ಫಜ್ಲೆ ಹಸನ್ ಅಬೇದ್ ಲಂಡನ್‌ನಲ್ಲಿದ್ದ ತಮ್ಮ ಫ್ಲ್ಯಾಟ್ ಮಾರಿ, ಆ ಹಣದಿಂದ 1972ರಲ್ಲಿ ಬ್ರ್ಯಾಕ್ ಸಂಸ್ಥೆ ಶುರು ಮಾಡಿದರು. ಈಶಾನ್ಯದ ಶಾಲ್ಲಾ ಎಂಬ ಪ್ರದೇಶದಲ್ಲಿ ಮನೆ ಕಟ್ಟಿಕೊಡುವುದರಿಂದ ಕೆಲಸ ಆರಂಭವಾಯಿತು. ಮುಂದೆ ಅದು ಪ್ರಪಂಚದ ಅತಿ ದೊಡ್ಡ ಎನ್‌ಜಿಒಗಳಲ್ಲಿ ಒಂದಾಯಿತು. ನಾನು ಹೇಳಬೇಕೆಂದಿರುವುದು ಅದರ ದೊಡ್ಡತನದ ಬಗ್ಗೆ ಅಲ್ಲ, ಭೇದಿಯ ಬಗ್ಗೆ.

ಆ ಕಾಲದಲ್ಲಿ ಅಲ್ಲಿ ವಾಂತಿಭೇದಿಯಿಂದ ಸಾಯುವ ಮಕ್ಕಳು ಲೆಕ್ಕವಿಲ್ಲದಷ್ಟು. ಔಷಧ ಗೊತ್ತಿತ್ತು. ಉಪ್ಪು, ಸಕ್ಕರೆ, ನೀರು ಸರಿಯಾದ ಪ್ರಮಾಣದಲ್ಲಿ ಬೆರೆಸಿ ಕುಡಿಸಿದರೆ ಮಗು ಉಳಿಯುತ್ತದೆ. ಆದರೆ ಹಳ್ಳಿಗಳಿಗೆ ಇದರ ಸಿದ್ಧ ಪುಡಿಯ ಪೊಟ್ಟಣ ಮುಟ್ಟುತ್ತಿರಲಿಲ್ಲ, ಆಸ್ಪತ್ರೆಗಳೂ ದೂರ. ಬ್ರ್ಯಾಕ್ ಒಂದು ಸರಳ ಅಳತೆ ಹುಡುಕಿತು. ಮೂರು ಬೆರಳಲ್ಲಿ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. 1980ರಿಂದ ಹತ್ತು ವರ್ಷ ಹಳ್ಳಿ ಹೆಣ್ಣುಮಕ್ಕಳೇ ಕಾರ್ಯಕರ್ತೆಯರಾಗಿ ಮನೆ ಮನೆಗೆ ಹೋಗಿ ತಾಯಂದಿರಿಗೆ ಇದನ್ನು ಹೇಳಿಕೊಟ್ಟರು. ಸುಮ್ನೆ ಹೇಳಿ ಬರುತ್ತಿರಲಿಲ್ಲ. ತಾಯಿಯ ಕೈಯಲ್ಲೇ ಮಾಡಿಸುತ್ತಿದ್ದರು. ಆಮೇಲೆ ಬೇರೆಯದೇ ಒಂದು ತಂಡ ಬಂದು ಕೆಲವು ಮನೆಗಳಲ್ಲಿ ವಿಚಾರಿಸುತ್ತಿತ್ತು. ತಾಯಿಗೆ ಎಷ್ಟು ನೆನಪಿದೆ, ಸರಿಯಾಗಿ ಮಾಡಲು ಬರುತ್ತದಾ ಅಂತ ನೋಡುತ್ತಿತ್ತು. ಅದರ ಮೇಲೆ ಕಾರ್ಯಕರ್ತೆಯ ಸಂಬಳ ತೀರ್ಮಾನವಾಗುತ್ತಿತ್ತು. ಎಷ್ಟು ಮನೆಗೆ ಹೋದೆ ಅನ್ನುವುದಕ್ಕೆ ಹಣ ಇಲ್ಲ. ತಾಯಿ ಎಷ್ಟು ಕಲಿತಳು ಅನ್ನುವುದಕ್ಕೆ ಹಣ.

ಇಷ್ಟೆಲ್ಲ ಮಾಡಿದರೂ ಮೊದಮೊದಲು ಸೋಲೇ ಆಯಿತು. ತಾಯಂದಿರಿಗೆ ಪಾಠ ಬಾಯಿಪಾಠವಾಗಿತ್ತು, ಮಗುವಿಗೆ ಭೇದಿಯಾದಾಗ ಮಾತ್ರ ಬಳಸುವವರು ತುಂಬಾ ಕಡಿಮೆ. ಸಂಸ್ಥೆ ಯಾಕೆ ಅಂತ ಹುಡುಕಿತು. ಆಗ ಗೊತ್ತಾದದ್ದೇನೆಂದರೆ, ಕಲಿಸುತ್ತಿದ್ದ ಕಾರ್ಯಕರ್ತರಿಗೇ ಈ ನೀರಿನ ಮೇಲೆ ನಂಬಿಕೆ ಇರಲಿಲ್ಲ. ತಮಗೆ ಭೇದಿಯಾದರೆ ಅವರು ಮಾತ್ರೆ ನುಂಗುತ್ತಿದ್ದರು. ಹಳ್ಳಿಯವರು ಇದನ್ನು ಗಮನಿಸಿದ್ದರು. ನೋಡಿ, ಬಡವರನ್ನು ಏನೂ ತಿಳಿಯದವರು ಅಂದುಕೊಳ್ಳುವುದು ಎಂಥ ತಪ್ಪು. ಮಾತಾಡುವವರ ಮುಖ ನೋಡಿಯೇ ಅವರು ಅಳೆದುಬಿಟ್ಟಿದ್ದರು. ಸಂಸ್ಥೆ ಕಾರ್ಯಕರ್ತರನ್ನು ಕರೆಸಿ, ಈ ನೀರು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ಹೇಳಿತು. ಅವರಿಗೇ ಭೇದಿಯಾದಾಗ ಇದನ್ನೇ ಕುಡಿಯಲು ಹೇಳಿತು. ಇನ್ನೊಂದು ತಪ್ಪೂ ಕಂಡಿತು. ಗಂಡಸರಿಗೆ ಏನೂ ಹೇಳಿರಲಿಲ್ಲ. ಪರವೂರಿನ ಹೆಂಗಸರು ಬಂದು ನಮ್ಮ ಹೆಂಗಸರಿಗೆ ಏನು ಹೇಳಿಕೊಡುತ್ತಿದ್ದಾರೋ ಅಂತ ಅವರಿಗೆ ಅನುಮಾನ ಇತ್ತು. ಆಮೇಲೆ ಸಂತೆಗಳಲ್ಲಿ, ಮಸೀದಿಗಳಲ್ಲಿ ಗಂಡಸರ ಜೊತೆಯೂ ಮಾತಾಡಿದರು. ಬಳಕೆ ಏರಿತು. ಹತ್ತು ವರ್ಷದಲ್ಲಿ ಸುಮಾರು 1.2 ಕೋಟಿ ಮನೆಗಳನ್ನು ಮುಟ್ಟಿದರು. ಇವತ್ತಿಗೂ ಭೇದಿಯಾದ ಮಕ್ಕಳಿಗೆ ಈ ನೀರು ಕುಡಿಸುವುದರಲ್ಲಿ ಬಾಂಗ್ಲಾದೇಶ ಪ್ರಪಂಚದಲ್ಲೇ ಮುಂದಿದೆ.

ಇಲ್ಲಿ ಹಣ ದೊಡ್ಡ ಮಾತಲ್ಲ. ಉಪ್ಪು ಬೆಲ್ಲಕ್ಕೆ ಎಷ್ಟಾಗುತ್ತದೆ? ಸೋತದ್ದನ್ನು ಒಪ್ಪಿಕೊಂಡು ಮತ್ತೆ ಹಳ್ಳಿಗೆ ಹೋಗಿ ಕೇಳುವ ಪುರುಸೊತ್ತು ಆ ಸಂಸ್ಥೆಗೆ ಇತ್ತು. ಒಂದು ಸರ್ಕಾರಿ ಇಲಾಖೆಯನ್ನು ನೆನೆಸಿಕೊಳ್ಳಿ. ಇಡೀ ದೇಶಕ್ಕೆ ಆದೇಶ ಹೊರಟಿರುತ್ತದೆ, ಉದ್ಘಾಟನೆ ಆಗಿರುತ್ತದೆ, ಗುರಿ ತಲುಪಿದ ವರದಿ ಜಿಲ್ಲೆಗಳಿಂದ ಬಂದಿರುತ್ತದೆ. ಆಮೇಲೆ ‘ನಮ್ಮ ಸಿಬ್ಬಂದಿಗೇ ಇದರ ಮೇಲೆ ನಂಬಿಕೆ ಇಲ್ಲ’ ಅಂತ ಬರೆಯಲು ಯಾವ ಅಧಿಕಾರಿಗೆ ಧೈರ್ಯ ಬರುತ್ತದೆ? ಬಂದರೂ ಅವರಿಗೆ ಅದಕ್ಕೆ ಅವಕಾಶ ಸಿಗುವುದು ಕಷ್ಟ. ನಾನು ಅಧಿಕಾರಿಗಳನ್ನು ದೂರುತ್ತಿಲ್ಲ. ಅವರು ನಿಂತಿರುವ ಜಾಗವೇ ಹಾಗಿದೆ.

ಈಗ ಅದೇ ಸ್ವಾತಂತ್ರ್ಯದ ಇನ್ನೊಂದು ಮುಖ ನೋಡೋಣ. ದಕ್ಷಿಣ ಆಫ್ರಿಕಾದಲ್ಲಿ ‘ಪ್ಲೇಪಂಪ್’ ಎಂಬ ಯೋಜನೆ ಬಂತು. ಮಕ್ಕಳು ಸುತ್ತುತ್ತಾ ಆಡುವ ಚಕ್ರಕ್ಕೆ ನೀರಿನ ಪಂಪ್ ಜೋಡಿಸಿದ್ದರು. ಮಕ್ಕಳು ಆಡಿದರೆ ಸಾಕು, ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ಮೇಲೆ ಜಾಹೀರಾತು ಹಾಕಿ ಬಂದ ಹಣದಿಂದ ರಿಪೇರಿ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? 2006ರಲ್ಲಿ ಅಮೆರಿಕದ ಸರ್ಕಾರ ಮತ್ತು ದೊಡ್ಡ ದಾನಿಗಳು ಇದಕ್ಕೆ ಬೆಂಬಲ ಘೋಷಿಸಿದರು. ಒಟ್ಟು 6 ಕೋಟಿ ಡಾಲರ್ ಕೂಡಿಸಿ 2010ರ ಹೊತ್ತಿಗೆ 4,000 ಪಂಪ್ ಹಾಕಬೇಕು ಅನ್ನುವ ಗುರಿ ಇಟ್ಟರು. ಊರಲ್ಲಿ ಆಗಿದ್ದೇ ಬೇರೆ. ಮಕ್ಕಳು ಶಾಲೆಯಲ್ಲಿರುವಾಗ ಆ ಚಕ್ರ ತಿರುಗಿಸುವವರು ಯಾರು? ವಯಸ್ಸಾದ ಹೆಂಗಸರು ಬಗ್ಗಿ ಅದನ್ನು ತಳ್ಳಬೇಕಾಯಿತು. ಎಷ್ಟೋ ಕಡೆ ಮೊದಲಿದ್ದ ಕೈಪಂಪ್ ಕಿತ್ತು ಇದನ್ನು ಹಾಕಿದ್ದರು. ಕೆಟ್ಟರೆ ರಿಪೇರಿ ಮಾಡುವವರಿರಲಿಲ್ಲ. ಕುಗ್ರಾಮದ ಟ್ಯಾಂಕಿನ ಮೇಲೆ ಜಾಹೀರಾತು ಹಾಕಲು ಯಾರೂ ಬರಲಿಲ್ಲ. ಒಂದು ಪಂಪಿನಿಂದ 2,500 ಜನಕ್ಕೆ ನೀರು ಅಂತ ಹೇಳಿದ್ದರು. ಆ ಗುರಿ ಮುಟ್ಟಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು ಅಂತ 2009ರಲ್ಲಿ ‘ಗಾರ್ಡಿಯನ್’ ಪತ್ರಿಕೆ ಲೆಕ್ಕ ಹಾಕಿ ತೋರಿಸಿತು.

ಇಷ್ಟು ದೂರ ಹೋಗುವವರೆಗೆ ಯಾರೂ ಯಾಕೆ ತಡೆಯಲಿಲ್ಲ? ಹಣ ಕೊಟ್ಟವರಿಗೆ ಇದು ಇಷ್ಟವಾಗಿತ್ತು. ನಗುತ್ತಾ ಆಡುವ ಮಕ್ಕಳ ಚಿತ್ರ ಎಲ್ಲರ ಮನಸ್ಸು ಗೆದ್ದಿತ್ತು. ಚಕ್ರ ತಳ್ಳುವ ಅಜ್ಜಿ ಯಾರಿಗೆ ದೂರು ಕೊಡಬೇಕು? ಪಂಚಾಯಿತಿ ಸದಸ್ಯರು ಈ ಪಂಪ್ ಹಾಕಿಸಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ಜಗಳ ಮಾಡಬಹುದಿತ್ತು. ಸಂಸ್ಥೆಯ ಕಚೇರಿ ಎಲ್ಲೋ, ದಾನಿ ಇನ್ನೆಲ್ಲೋ. ಅಂಗಡಿಯಲ್ಲಾದರೆ ಹಣ ಕೊಡುವವರೇ ಸಾಮಾನು ಬಳಸುವವರು. ಕೆಟ್ಟ ಸಾಮಾನು ಕೊಟ್ಟ ಅಂಗಡಿಗೆ ಅವರು ಮತ್ತೆ ಹೋಗುವುದಿಲ್ಲ. ದಾನದಲ್ಲಿ ಹಾಗಿಲ್ಲ. ಹಣ ಕೊಡುವವರು ಒಬ್ಬರು, ಬಳಸುವವರು ಇನ್ನೊಬ್ಬರು. ಅವರಿಬ್ಬರು ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ನಡುವೆ ನಿಂತ ಸಂಸ್ಥೆ ಸಹಜವಾಗಿ ಹಣ ಕೊಟ್ಟವರ ಕಡೆಗೇ ತಿರುಗುತ್ತದೆ. ಕೆಟ್ಟ ಮನಸ್ಸಿನವರು ಬೇಕಾಗಿಲ್ಲ, ತುಂಬಾ ಒಳ್ಳೆಯ ಮನಸ್ಸಿನವರು ಇದ್ದಲ್ಲೂ ಹೀಗಾಗುತ್ತದೆ.

ಕಿರುಸಾಲದ ಕಥೆ ಈ ಎರಡೂ ಮುಖಗಳನ್ನು ಒಟ್ಟಿಗೆ ತೋರಿಸುತ್ತದೆ. 1976ರಲ್ಲಿ ಚಿತ್ತಗಾಂಗ್ ವಿಶ್ವವಿದ್ಯಾಲಯದ ಪಕ್ಕದ ಜೋಬ್ರಾ ಹಳ್ಳಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನುಸ್ 42 ಜನಕ್ಕೆ ಒಟ್ಟು 27 ಡಾಲರಿನಷ್ಟು ಸಾಲ ಕೊಟ್ಟರು. ಅಷ್ಟು ಸಣ್ಣ ಮೊತ್ತಕ್ಕಾಗಿ ಆ ಜನ ಬಡ್ಡಿ ವ್ಯಾಪಾರಿಗಳ ಕೈಯಲ್ಲಿ ಸಿಕ್ಕಿಬಿದ್ದಿದ್ದರು. ಅಡಮಾನ ಇಲ್ಲದ ಹೆಂಗಸರಿಗೂ ಸಾಲ ಕೊಡಬಹುದು, ಅವರು ತೀರಿಸುತ್ತಾರೆ ಅಂತ ಅಲ್ಲಿಂದ ಸಾಬೀತಾಯಿತು. 1983ರಲ್ಲಿ ಆ ಕೆಲಸವೇ ‘ಗ್ರಾಮೀಣ ಬ್ಯಾಂಕ್’ ಎಂಬ ಹೆಸರಿನ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಬ್ಯಾಂಕುಗಳು ಬಾಗಿಲಲ್ಲೇ ನಿಲ್ಲಿಸುತ್ತಿದ್ದ ಕೋಟ್ಯಂತರ ಹೆಂಗಸರಿಗೆ ಸಾಲದ ದಾರಿ ತೆರೆದದ್ದು ಸಣ್ಣ ಸಾಧನೆ ಅಲ್ಲ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆಮೇಲೆ ಅದರಲ್ಲಿ ಲಾಭ ಕಂಡವರು ಬಂದರು. ಆಂಧ್ರಪ್ರದೇಶದಲ್ಲಿ ಒಂದೇ ಮನೆಗೆ ಮೂರು ನಾಲ್ಕು ಕಂಪನಿಗಳು ಸಾಲ ಕೊಟ್ಟವು. ಎಷ್ಟು ಸಾಲ ಹಂಚಿದ, ಎಷ್ಟು ವಸೂಲಿ ಮಾಡಿದ ಅನ್ನುವುದರ ಮೇಲೆ ನೌಕರನ ಯೋಗ್ಯತೆ ಅಳೆದರು. ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ. ಸಾಲ ತೀರಿಸಲಾಗದೆ ಆತ್ಮಹತ್ಯೆ ಮಾಡಿಕೊಂಡವರ ಸುದ್ದಿ ಬಂತು. 2010ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದಿತು, ವಸೂಲಿಯೇ ನಿಂತುಹೋಯಿತು. ಬ್ರ್ಯಾಕ್‌ನ ಕಾರ್ಯಕರ್ತೆಗೆ ತಾಯಿ ಕಲಿತದ್ದಕ್ಕೆ ಸಂಬಳ ಕೊಟ್ಟಿದ್ದರು, ಇಲ್ಲಿ ವಸೂಲಿಗೆ ಕೊಟ್ಟರು. ನೌಕರ ಯಾವುದಕ್ಕೆ ಸಂಬಳ ಪಡೆಯುತ್ತಾನೋ ಅದನ್ನೇ ಮಾಡುತ್ತಾನೆ. 2015ರಲ್ಲಿ ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊ ಈ ಆರು ದೇಶಗಳಲ್ಲಿ ನಡೆದ ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ಸಾಲ ಸಿಕ್ಕವರಲ್ಲಿ ಕೆಲವರು ವ್ಯಾಪಾರ ಬೆಳೆಸಿಕೊಂಡಿದ್ದರು. ಆದರೆ ಮನೆಯ ಸರಾಸರಿ ಆದಾಯ ಗಮನಕ್ಕೆ ಬರುವಷ್ಟು ಏರಿರಲಿಲ್ಲ. ಕಿರುಸಾಲದಿಂದ ಬಡತನವೇ ಹೋಗುತ್ತದೆ ಅಂತ ಮೂವತ್ತು ವರ್ಷ ಹೇಳಿದ ಮಾತಿಗೆ ಆಧಾರ ಸಿಗಲಿಲ್ಲ.

ಸಾಲದಿಂದ ಎಲ್ಲರಿಗೂ ಉಪಯೋಗ ಆಗುತ್ತಿಲ್ಲ ಅನ್ನುವುದು ಬ್ರ್ಯಾಕ್‌ಗೆ ಇದಕ್ಕಿಂತ ಮೊದಲೇ ಗೊತ್ತಾಗಿತ್ತು. ಹಳ್ಳಿಯ ಅತಿ ಬಡವರು ಸಾಲದ ಗುಂಪಿಗೆ ಬರುತ್ತಲೇ ಇರಲಿಲ್ಲ. ಅವರಿಗೇ ಭಯ, ಅವರನ್ನು ಸೇರಿಸಿಕೊಳ್ಳಲು ಉಳಿದವರಿಗೂ ಮನಸ್ಸಿಲ್ಲ. 2002ರಲ್ಲಿ ಅವರಿಗಾಗಿ ಬೇರೆ ದಾರಿ ಶುರುವಾಯಿತು. ಒಂದು ಹಸುವನ್ನೋ ಆಡುಗಳನ್ನೋ ಪುಕ್ಕಟೆ ಕೊಡುವುದು. ಅದು ಆದಾಯ ಕೊಡುವವರೆಗೆ ಹೊಟ್ಟೆಗೆ ಸ್ವಲ್ಪ ಹಣ. ಸಾಕುವುದು ಹೇಗೆ ಅಂತ ತರಬೇತಿ. ಉಳಿತಾಯದ ಖಾತೆ. ಕಾಯಿಲೆ ಬಂದರೆ ಸಹಾಯ. ಸುಮಾರು ಎರಡು ವರ್ಷ ಒಬ್ಬ ಕಾರ್ಯಕರ್ತೆ ಆಗಾಗ ಮನೆಗೆ ಬಂದು ಮಾತಾಡಿಸಿ ಹೋಗುವುದು. ಈ ಕೊನೆಯದು ಖರ್ಚಿನ ಬಾಬತ್ತು, ಎಲ್ಲರೂ ಮೊದಲು ಕತ್ತರಿಸಲು ನೋಡುವುದೂ ಇದನ್ನೇ. ಆದರೆ ಯೋಚನೆ ಮಾಡಿ. ವರ್ಷಗಟ್ಟಲೆ ಯಾರೂ ಮನೆ ಬಾಗಿಲಿಗೆ ಬಂದು ‘ಹೇಗಿದ್ದೀಯಮ್ಮಾ’ ಅಂತ ಕೇಳದ ಹೆಂಗಸಿಗೆ ವಾರಕ್ಕೊಮ್ಮೆ ಒಬ್ಬರು ಬಂದು ‘ಹಸು ಹೇಗಿದೆ, ಈ ವಾರ ಎಷ್ಟು ಉಳಿಸಿದೆ’ ಅಂತ ವಿಚಾರಿಸಿದರೆ ಅದರ ಬೆಲೆ ಎಷ್ಟು!

ಇದನ್ನು ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ದೇಶಗಳಲ್ಲಿ ಬೇರೆ ಬೇರೆ ಸಂಸ್ಥೆಗಳು ಮಾಡಿ ನೋಡಿದವು. ಹೊಂಡುರಾಸ್‌ನಲ್ಲಿ ಕೊಟ್ಟ ಕೋಳಿಗಳಲ್ಲಿ ತುಂಬಾ ರೋಗ ಬಂದು ಸತ್ತವು, ಅಲ್ಲಿ ಫಲ ಅಷ್ಟಕ್ಕಷ್ಟೇ. ಉಳಿದ ಬಹುತೇಕ ಕಡೆ ಕೆಲಸ ಮುಗಿದು ಒಂದು ವರ್ಷದ ನಂತರವೂ ಜನ ಮೊದಲಿಗಿಂತ ಚೆನ್ನಾಗಿ ಉಣ್ಣುತ್ತಿದ್ದರು, ಸಂಪಾದಿಸುತ್ತಿದ್ದರು. ಪಶ್ಚಿಮ ಬಂಗಾಳದಲ್ಲಿ ಬಂಧನ್ ಸಂಸ್ಥೆ ಮಾಡಿದ ಕಡೆ ಹತ್ತು ವರ್ಷ ಕಳೆದ ಮೇಲೂ ಆ ಕುಟುಂಬಗಳು ಮೇಲೆಯೇ ಇದ್ದವು. ಆಮೇಲೆ ನಡೆದದ್ದು ನನಗೆ ತುಂಬಾ ಮುಖ್ಯ. 2018ರಲ್ಲಿ ಬಿಹಾರ ಸರ್ಕಾರ ಇದೇ ಮಾದರಿಯನ್ನು ‘ಸತತ ಜೀವಿಕೋಪಾರ್ಜನ ಯೋಜನೆ’ ಎಂಬ ಹೆಸರಲ್ಲಿ ಕೈಗೆತ್ತಿಕೊಂಡಿತು. ಪಾನನಿಷೇಧದಿಂದ ಜೀವನೋಪಾಯ ಕಳೆದುಕೊಂಡವರನ್ನೂ ಸೇರಿಸಿ ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಅದು ತಲುಪಿತು. ಮಾದರಿ ಹುಡುಕಿದ್ದು ಒಂದು ಸಂಸ್ಥೆ, ಪರೀಕ್ಷೆಗೆ ಒಡ್ಡಿದ್ದು ಇನ್ನು ಕೆಲವು, ಹರಡಿದ್ದು ಸರ್ಕಾರ. ಖಾಸಗಿ ಸಂಸ್ಥೆಯ ಕೆಲಸ ಇಷ್ಟರಮಟ್ಟಿಗೆ ಬಂದರೆ ಅದು ಸಾರ್ಥಕ ಅಂತ ನನ್ನ ಅಭಿಪ್ರಾಯ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ, ವಿಷಯದಿಂದ ಸ್ವಲ್ಪ ಆಚೆ ಹೋದರೂ ಪರವಾಗಿಲ್ಲ. ಬಡವರ ಕೈಗೆ ನೇರವಾಗಿ ಹಣ ಕೊಟ್ಟರೆ ಹಾಳು ಮಾಡುತ್ತಾರೆ ಅಂತ ಈಗಲೂ ತುಂಬಾ ಜನ ನಂಬಿದ್ದಾರೆ. ಗಿವ್‌ಡೈರೆಕ್ಟ್ಲಿ ಎಂಬ ಸಂಸ್ಥೆ ಕೀನ್ಯಾದ ಸಿಯಾಯ ಪ್ರದೇಶದಲ್ಲಿ 10,500 ಬಡ ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರ್ ಕೊಟ್ಟಿತು. ಯಾವ ಷರತ್ತೂ ಇಲ್ಲ. 653 ಹಳ್ಳಿಗಳಲ್ಲಿ ಏನಾಯಿತು ಅಂತ ಸಂಶೋಧಕರು ನೋಡಿದರು. ಕೊಟ್ಟ ಪ್ರತಿ ಡಾಲರಿಗೆ ಆ ಪ್ರದೇಶದಲ್ಲಿ ಸುಮಾರು ಎರಡೂವರೆ ಡಾಲರಿನ ವ್ಯವಹಾರ ಹುಟ್ಟಿತ್ತು. ಹಣ ಸಿಗದ ಅಕ್ಕಪಕ್ಕದವರಿಗೂ ಕೆಲಸ, ಗಿರಾಕಿ ಸಿಕ್ಕಿದ್ದರು. ಬೆಲೆಗಳು ಏರಿದ್ದು ನಗಣ್ಯ. ಹಣ ಕೊಡುವುದರಿಂದ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಶಾಲೆಯಲ್ಲಿ ಪಾಠ ಮಾಡದ ಮೇಷ್ಟ್ರನ್ನು ಆ ಹಣ ಪಾಠ ಮಾಡಿಸಲಾರದು. ಆದರೆ ಯಾವುದೇ ಸಂಸ್ಥೆ ನೂರು ಡಾಲರಿನ ತರಬೇತಿ ಕೊಡುವ ಮೊದಲು, ಆ ನೂರು ಡಾಲರನ್ನೇ ಕೈಗೆ ಕೊಟ್ಟಿದ್ದರೆ ಅವರಿಗೆ ಇನ್ನೂ ಒಳ್ಳೆಯದಾಗುತ್ತಿತ್ತಾ ಅಂತ ಕೇಳಿಕೊಳ್ಳಲೇಬೇಕು.

ಕಂಪನಿಗಳ ಬಗ್ಗೆ ಹೇಳುವಾಗ ನಾವು ಸಾಮಾನ್ಯವಾಗಿ ಅವು ಕೊಡುವ ದಾನದ ಬಗ್ಗೆ ಮಾತಾಡುತ್ತೇವೆ. ಭಾರತದ 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2021–22ರಲ್ಲಿ ಹೀಗೆ ಖರ್ಚಾದದ್ದು ಸುಮಾರು 26 ಸಾವಿರ ಕೋಟಿ ರೂಪಾಯಿ. ಅದೇ ವರ್ಷ ಕೇಂದ್ರ ಸರ್ಕಾರ ಉದ್ಯೋಗ ಖಾತ್ರಿ ಯೋಜನೆಯೊಂದಕ್ಕೇ ಸುಮಾರು 98 ಸಾವಿರ ಕೋಟಿ ಖರ್ಚು ಮಾಡಿತ್ತು. ಜೊತೆಗೆ ಕಂಪನಿಗಳ ಈ ಸಿಎಸ್‌ಆರ್ ಹಣ ಹೆಚ್ಚಾಗಿ ಹೋಗುವುದು ಕಾರ್ಖಾನೆಗಳಿರುವ, ಮೊದಲೇ ಸ್ವಲ್ಪ ಅನುಕೂಲ ಇರುವ ರಾಜ್ಯಗಳಿಗೆ.

ನನ್ನ ದೃಷ್ಟಿಯಲ್ಲಿ ಕಂಪನಿಯ ದಾನಕ್ಕಿಂತ ಅದರ ದಿನನಿತ್ಯದ ವ್ಯವಹಾರ ದೊಡ್ಡದು. ಕೀನ್ಯಾದಲ್ಲಿ ಸಫಾರಿಕಾಮ್ ಎಂಬ ಫೋನ್ ಕಂಪನಿ 2007ರಲ್ಲಿ ಎಂ-ಪೇಸಾ ತಂದಿತು. ಸಾಧಾರಣ ಫೋನಿನಲ್ಲೇ ಹಣ ಕಳಿಸಬಹುದು. ಬೆಳೆ ಹೋದಾಗ, ಯಾರಿಗೋ ಕಾಯಿಲೆ ಬಂದಾಗ ದೂರದ ನೆಂಟರಿಂದ ಅದೇ ದಿನ ಸಹಾಯ ಸಿಗತೊಡಗಿತು. ಇದರಿಂದ 1,94,000 ಕುಟುಂಬಗಳು, ಅಂದರೆ ದೇಶದ ಶೇ 2ರಷ್ಟು ಮನೆಗಳು ಬಡತನದಿಂದ ಹೊರಬಂದವು ಅಂತ 2016ರ ಒಂದು ಅಧ್ಯಯನ ಹೇಳಿತು. ಹೆಂಗಸರೇ ನಡೆಸುವ ಮನೆಗಳಿಗೆ ಲಾಭ ಜಾಸ್ತಿ ಸಿಕ್ಕಿತ್ತು. ಇದು ದಾನ ಅಲ್ಲ, ವ್ಯಾಪಾರ. ಆದರೆ ಶುರುವಿಗೆ ಬ್ರಿಟನ್ ಸರ್ಕಾರದ ನೆರವಿನ ಹಣವೂ ಇತ್ತು ಅನ್ನುವುದನ್ನು ಮರೆಯಬಾರದು.

ವ್ಯವಹಾರದ ಕರಾಳ ಮುಖವೂ ಅಷ್ಟೇ ದೊಡ್ಡದು. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಹೊರದೇಶದ ಬ್ರ್ಯಾಂಡುಗಳಿಗೆ ಬಟ್ಟೆ ಹೊಲಿಯುತ್ತಿದ್ದ ಹೆಣ್ಣುಮಕ್ಕಳು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು, ಆದರೂ ಒಳಗೆ ಕಳಿಸಿದ್ದರು. ಇಂಥ ಕಡೆ ಕಂಪನಿಯ ಹೆಸರಲ್ಲಿ ಒಂದು ಶಾಲೆ ಕಟ್ಟಿಸಿದರೆ ಏನು ಪ್ರಯೋಜನ? ನಿಜವಾದ ಬದಲಾವಣೆ ತಂದದ್ದು ಆಮೇಲೆ ಬ್ರ್ಯಾಂಡುಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಆದ ಒಪ್ಪಂದ. ಅದು ಕಾನೂನಿನ ಬಲ ಇದ್ದ ಒಪ್ಪಂದ. ಕಾರ್ಖಾನೆಗಳ ತಪಾಸಣೆ ನಡೆಯಿತು, ಬೆಂಕಿ ಬಾಗಿಲು, ಕಂಬ, ವಿದ್ಯುತ್ ತಂತಿ ಸರಿ ಮಾಡಿಸಿದರು. ದುಡಿಯುವವರಿಗೆ ಸರಿಯಾದ ಕೂಲಿ, ಜೀವಕ್ಕೆ ಭದ್ರತೆ ಕೊಡದ ಕಂಪನಿ ಎಷ್ಟು ದಾನ ಕೊಟ್ಟರೂ ಅದು ಬಡತನದ ವಿರುದ್ಧ ಹೋರಾಡುತ್ತಿದೆ ಅಂತ ನಾನು ಒಪ್ಪಲಾರೆ.

ಲೆಕ್ಕ ಯಾರಿಗೆ ಅನ್ನುವ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ಸಿಗುವುದು ಬಡವರೇ ಮಾಲೀಕರಾಗಿರುವ ಸಂಸ್ಥೆಗಳಲ್ಲಿ. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಅವರು ಬೀದಿ ವ್ಯಾಪಾರದ, ತಲೆಹೊರೆ ಹೊರುವ, ಮನೆಯಲ್ಲೇ ಕೂತು ಹೊಲಿಯುವ ಹೆಂಗಸರನ್ನು ಸೇರಿಸಿ ‘ಸೇವಾ’ ಸಂಘ ಕಟ್ಟಿದರು. ಕಾರ್ಮಿಕ ಇಲಾಖೆ ನೋಂದಣಿಗೆ ಒಪ್ಪಲಿಲ್ಲ. ನಿಮಗೆ ಮಾಲೀಕನೇ ಇಲ್ಲ, ಯಾರ ವಿರುದ್ಧ ಹೋರಾಡುತ್ತೀರಿ ಅಂತ ಅದರ ತಕರಾರು. ಸಂಘ ಇರುವುದು ಸದಸ್ಯರ ಒಗ್ಗಟ್ಟಿಗಾಗಿ, ಮಾಲೀಕನ ವಿರುದ್ಧವೇ ಇರಬೇಕೆಂದಿಲ್ಲ ಅಂತ ವಾದಿಸಿ ನೋಂದಣಿ ಪಡೆದರು. ಬ್ಯಾಂಕುಗಳು ಅವರ ಜೊತೆ ವ್ಯವಹರಿಸಲು ಹಿಂದೇಟು ಹಾಕಿದಾಗ, 1974ರಲ್ಲಿ 4,000 ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಬ್ಯಾಂಕ್ ತೆರೆದರು. ಇಲ್ಲಿ ತಪ್ಪಾದರೆ ಸದಸ್ಯೆ ಸಭೆಯಲ್ಲಿ ಎದ್ದು ನಿಂತು ಕೇಳುತ್ತಾಳೆ, ನಾಯಕಿಯನ್ನು ಬದಲಾಯಿಸುತ್ತಾಳೆ. 2014ರಲ್ಲಿ ಬೀದಿ ವ್ಯಾಪಾರಿಗಳ ಹಕ್ಕಿಗಾಗಿ ಕಾನೂನು ಬಂದದ್ದರ ಹಿಂದೆ ಇಂಥ ಸಂಘಗಳ ದಶಕಗಳ ಒತ್ತಾಯ ಇದೆ.

ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಇನ್ನೊಂದು ರೀತಿ. 1990ರಲ್ಲಿ ಶುರುವಾದಾಗ ಅದರ ಮುಂದಿದ್ದ ಪ್ರಶ್ನೆ ಬರಪರಿಹಾರ ಕಾಮಗಾರಿಯ ಕೂಲಿ. ದುಡಿದವರಿಗೆ ಕನಿಷ್ಠ ಕೂಲಿ ಬರುತ್ತಿರಲಿಲ್ಲ. ಹಾಜರಿ ಪಟ್ಟಿ ತೋರಿಸಿ ಅಂದರೆ ಅದು ಸರ್ಕಾರಿ ರಹಸ್ಯ ಅನ್ನುತ್ತಿದ್ದರು. 1994ರಿಂದ ಊರಿನ ಬಯಲಲ್ಲಿ ಜನರನ್ನು ಸೇರಿಸಿ ದಾಖಲೆಗಳನ್ನು ಗಟ್ಟಿಯಾಗಿ ಓದಿಸಿದರು. ಸತ್ತವರ ಹೆಸರಲ್ಲಿ ಕೂಲಿ, ಕಟ್ಟದ ಕಟ್ಟಡಕ್ಕೆ ಬಿಲ್ಲು, ಎಲ್ಲ ಹೊರಬಿತ್ತು. ‘ಹಮಾರಾ ಪೈಸಾ, ಹಮಾರಾ ಹಿಸಾಬ್’, ಅಂದರೆ ನಮ್ಮ ಹಣ, ನಮ್ಮ ಲೆಕ್ಕ ಅನ್ನುವ ಅವರ ಘೋಷಣೆ ದೇಶಕ್ಕೆಲ್ಲ ಹಬ್ಬಿತು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಇಲ್ಲಿದೆ. ಆ ಸಂಘಟನೆ ಯಾರಿಗೂ ಹಸು ಕೊಡಲಿಲ್ಲ, ಸಾಲ ಕೊಡಲಿಲ್ಲ. ಸರ್ಕಾರ ಕೊಡಬೇಕಾದದ್ದನ್ನು ಕೊಡಿಸಿತು. ಈ ಕೆಲಸಕ್ಕೆ ದಾನಿಗಳು ಸಿಗುವುದು ಕಷ್ಟ. ಯಾಕೆಂದರೆ ಫೋಟೋದಲ್ಲಿ ತೋರಿಸಲು ಇಲ್ಲಿ ಏನೂ ಇರುವುದಿಲ್ಲ, ಜೊತೆಗೆ ಅಧಿಕಾರದಲ್ಲಿರುವವರ ಮುನಿಸೂ ಕಟ್ಟಿಕೊಳ್ಳಬೇಕು.

ಸರ್ಕಾರವನ್ನು ಕೆಲಸ ಮಾಡಿಸುವುದು ಬೇರೆ, ಸರ್ಕಾರದ ಜಾಗದಲ್ಲಿ ತಾವೇ ಕೂರುವುದು ಬೇರೆ. 2010ರ ಜನವರಿಯ ಭೂಕಂಪದ ನಂತರ ಹೈಟಿ ದೇಶಕ್ಕೆ ಪ್ರಪಂಚದ ಮೂಲೆ ಮೂಲೆಯಿಂದ ಸಂಸ್ಥೆಗಳು ಬಂದವು. ತುರ್ತು ನೆರವಿನ ಹಣದಲ್ಲಿ ಹೈಟಿ ಸರ್ಕಾರದ ಕೈಗೆ ಹೋದದ್ದು ಸುಮಾರು ಶೇ 1 ಮಾತ್ರ. ಸರ್ಕಾರದಲ್ಲಿ ಭ್ರಷ್ಟಾಚಾರ ಇದೆ, ಕೈಲಾಗುವುದಿಲ್ಲ ಅಂತ ಕಾರಣ ಕೊಟ್ಟರು. ಹಣವೇ ಕೊಡದಿದ್ದರೆ ಕೈಲಾಗುವುದು ಯಾವಾಗ? ಹೊರಗಿನ ಸಂಸ್ಥೆಗಳು ಹೆಚ್ಚು ಸಂಬಳಕ್ಕೆ ವೈದ್ಯರನ್ನು, ಎಂಜಿನಿಯರುಗಳನ್ನು ಸೆಳೆದುಕೊಂಡಾಗ ಸರ್ಕಾರಿ ಆಸ್ಪತ್ರೆ, ಇಲಾಖೆಗಳು ಇನ್ನೂ ಬರಿದಾಗುತ್ತವೆ. ಸಂಸ್ಥೆಗಳು ಒಂದು ದಿನ ಹೊರಡುತ್ತವೆ. 2025ರಲ್ಲಿ ಅಮೆರಿಕ ಹೊರದೇಶಗಳಿಗೆ ನೆರವು ಕೊಡುತ್ತಿದ್ದ ತನ್ನ ಸರ್ಕಾರಿ ಸಂಸ್ಥೆ ಯುಎಸ್‌ಏಡ್‌ನ ಶೇ 83ರಷ್ಟು ಕಾರ್ಯಕ್ರಮಗಳನ್ನು ರದ್ದು ಮಾಡಿತು, ಜುಲೈ 1ಕ್ಕೆ ಆ ಸಂಸ್ಥೆಯನ್ನೇ ಮುಚ್ಚಿತು. ಅದರ ಹಣ ನಂಬಿ ನಡೆಯುತ್ತಿದ್ದ ಎಷ್ಟೋ ಖಾಸಗಿ ಸಂಸ್ಥೆಗಳು ಒಂದೇ ಏಟಿಗೆ ಕೆಲಸ ನಿಲ್ಲಿಸಿದವು. ಔಷಧಕ್ಕಾಗಿ ಕಾಯುತ್ತಿದ್ದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬ್ರ್ಯಾಕ್ 1978ರಲ್ಲೇ ಆರೊಂಗ್ ಎಂಬ ಕರಕುಶಲ ವಸ್ತುಗಳ ಮಳಿಗೆ ತೆರೆದು ಸ್ವಂತ ಆದಾಯ ಮಾಡಿಕೊಂಡದ್ದು ಎಷ್ಟು ದೂರದೃಷ್ಟಿಯ ಕೆಲಸ ಅಂತ ಈಗ ಗೊತ್ತಾಗುತ್ತದೆ.

ನಿಮ್ಮಲ್ಲಿ ಕೆಲವರು ಸಂಸ್ಥೆಗಳಿಗೆ ಹಣ ಕೊಡುವವರಿದ್ದೀರಿ. ಆಡಳಿತದ ಖರ್ಚು ಎಷ್ಟಿರಬೇಕು ಅಂತ ನನ್ನನ್ನು ತುಂಬಾ ಜನ ಕೇಳುತ್ತಾರೆ. ನಾವು ಕೊಟ್ಟದ್ದೆಲ್ಲ ನೇರವಾಗಿ ಬಡವರಿಗೇ ಹೋಗಬೇಕು ಅನ್ನುವ ಆಸೆ ಸಹಜ. ಆದರೆ ತಾಯಿಗೆ ನೆನಪಿದೆಯಾ ಅಂತ ಎರಡನೇ ಸಲ ಹೋಗಿ ನೋಡಿದ ತಂಡ ಇತ್ತಲ್ಲ, ಲೆಕ್ಕದ ಪುಸ್ತಕದಲ್ಲಿ ಅದು ಬರೀ ಮೇಲ್ಖರ್ಚು. ಆ ಖರ್ಚು ಉಳಿಸಿದ್ದರೆ ಸೋತದ್ದೇ ಗೊತ್ತಾಗುತ್ತಿರಲಿಲ್ಲ. ಆಡಳಿತ ಖರ್ಚು ಕಡಿಮೆ ಅಂತ ಹೇಳಿಕೊಳ್ಳುವ ಸಂಸ್ಥೆ ಸಿಕ್ಕರೆ, ಕೆಲಸ ಫಲ ಕೊಟ್ಟಿದೆಯಾ ಅಂತ ಯಾರು, ಹೇಗೆ ನೋಡುತ್ತಾರೆ ಅಂತ ಕೇಳಿ. ಜೊತೆಗೆ ಇನ್ನೊಂದು ಪ್ರಶ್ನೆಯನ್ನು ತಪ್ಪದೆ ಕೇಳಿ. ಸರಿಹೋಗಲಿಲ್ಲ ಅಂತ ನೀವೇ ನಿಲ್ಲಿಸಿದ ಕೆಲಸ ಯಾವುದು?

ಈ ಪ್ರಶ್ನೆಗೆ ಉತ್ತರ ಇರುವ ಸಂಸ್ಥೆಗಳಿವೆ. ಬಾಂಗ್ಲಾದೇಶದ ಉತ್ತರಕ್ಕಿರುವ ರಂಗಪುರದಲ್ಲಿ ಕೊಯ್ಲಿಗೆ ಮೊದಲಿನ ತಿಂಗಳುಗಳಲ್ಲಿ ಕೆಲಸ ಇರುವುದಿಲ್ಲ, ಜನ ಹಸಿವಿನಿಂದ ಕಳೆಯುತ್ತಾರೆ. 2008ರಲ್ಲಿ ಸಂಶೋಧಕರು ಕೆಲವು ಕುಟುಂಬಗಳಿಗೆ ಬಸ್ ಚಾರ್ಜಿನಷ್ಟು ಹಣ ಕೊಟ್ಟು, ಒಬ್ಬರು ಪಟ್ಟಣಕ್ಕೆ ಹೋಗಿ ದುಡಿದು ಬನ್ನಿ ಅಂದರು. ಹೋದವರ ಮನೆಯಲ್ಲಿ ಊಟ ಹೆಚ್ಚಿತು. ಮುಂದಿನ ವರ್ಷ ಹಣ ಕೊಡದಿದ್ದರೂ ಎಷ್ಟೋ ಜನ ತಾವೇ ಹೋದರು. ಎವಿಡೆನ್ಸ್ ಆ್ಯಕ್ಷನ್ ಎಂಬ ಸಂಸ್ಥೆ ಇದನ್ನು ದೊಡ್ಡದಾಗಿ ಹರಡಿತು. ದಾನ ಕೊಡಲು ಯೋಗ್ಯವಾದ ಅತ್ಯುತ್ತಮ ಕಾರ್ಯಕ್ರಮಗಳ ಪಟ್ಟಿಯಲ್ಲೂ ಇದಕ್ಕೆ ಜಾಗ ಸಿಕ್ಕಿತ್ತು. 2017ರಲ್ಲಿ ಹರಡಿದ ಕೆಲಸವನ್ನೇ ಮತ್ತೆ ಪರೀಕ್ಷಿಸಿದಾಗ ಫಲ ಕಾಣಲಿಲ್ಲ. ಆ ಹಣದಿಂದಾಗಿ ಹೊಸದಾಗಿ ಪಟ್ಟಣಕ್ಕೆ ಹೋದವರು ಇಲ್ಲವೆನ್ನುವಷ್ಟು ಕಡಿಮೆ. ಸಂಸ್ಥೆ ಅದನ್ನು ಬಚ್ಚಿಡಲಿಲ್ಲ. 2018ರಲ್ಲಿ ಫಲಿತಾಂಶ ಬಹಿರಂಗ ಮಾಡಿ, ಈ ಕೆಲಸಕ್ಕೆ ಹೊಸದಾಗಿ ದಾನ ಕೇಳುವುದನ್ನು ನಿಲ್ಲಿಸಿತು. ಆ ಪಟ್ಟಿಯಿಂದಲೂ ಇದರ ಹೆಸರು ಹೊರಬಂತು. 2019ರಲ್ಲಿ ಕಾರ್ಯಕ್ರಮವನ್ನೇ ಮುಚ್ಚಿ, ಕಾರಣಗಳನ್ನು ಎಲ್ಲರೂ ಓದುವ ಹಾಗೆ ಬರೆದು ಪ್ರಕಟಿಸಿತು. ಆ ಸಂಸ್ಥೆ ಈಗಲೂ ಬೇರೆ ಕೆಲಸಗಳನ್ನು ಮಾಡುತ್ತಿದೆ, ದಾನಿಗಳು ಅದನ್ನು ಬಿಟ್ಟುಹೋಗಲಿಲ್ಲ.